ರಾಜಮ್ಮನ ಪಾಲಿನ ವೋಟು

ಚುನಾವಣೆ ಮುಗಿದು ಐದು ವಾರವಾದರೂ ಜಲಜಾಕ್ಷಿಯ ಎದೆ ಹದಕ್ಕೆ ಬರಲಿಲ್ಲ. ಅಕ್ಕಿ ತೊಳೆಯುವಾಗ, ಬಟ್ಟೆ ಮಡಚುವಾಗ, ಲಿಫ್ಟಿಗೆ ಕಾಯುವಾಗ, ಹೇಳದೆ ಕೇಳದೆ ಒಳಗೆ ಅವಲಕ್ಕಿ ಕುಟ್ಟಿದ ಹಾಗೆ ಶುರುವಾಗುತ್ತಿತ್ತು. ಡಾಕ್ಟರಮ್ಮ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಹೃದಯ ಸರಿಯಾಗಿಯೇ ಇದೆ, ಇದು ಸ್ಟ್ರೆಸ್, ದಿನಾ ಅರ್ಧ ಗಂಟೆ ನಡೆಯಿರಿ, ನೋವಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ ಎಂದು ಕಳಿಸಿದ್ದಳು. ಈ ದೇಶದಲ್ಲಿ ಕಾಲು ಮುರಿದರೂ ಮನಸ್ಸು ಮುರಿದರೂ ಅದೇ ಗುಳಿಗೆ ಎಂದು ಗಂಡ ಬೂಬ ಬದುಕಿದ್ದಾಗ ನಗುತ್ತಿದ್ದ. ನಡೆದು ಕಳೆಯುವ ಸಂಕಟ ಇದಲ್ಲ ಎಂದು ಜಲಜಾಕ್ಷಿಗೆ ಗೊತ್ತಿತ್ತು. ಕಾರಣವೂ ಗೊತ್ತಿತ್ತು. ಕಾರಣ ಎರಡು ಮಹಡಿ ಕೆಳಗೆ, ಆರನೆಯದರಲ್ಲಿ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿತ್ತು. ಅದರ ಹೆಸರು ರಾಜಮ್ಮ.

ಬೂಬ ಡಚ್ಚರ ನಾಡಿನ ಹೇಗ್ ಊರಿನ ಒಂದು ಹೋಟೆಲಿಗೆ ಅಡಿಗೆಯವನಾಗಿ ಬಂದವನು. ಕಟಪಾಡಿಯಲ್ಲಿ ಬೀಡಿ ಕಟ್ಟುತ್ತಿದ್ದ, ಮೂರನೇ ಕ್ಲಾಸು ದಾಟದ ಜಲಜಾಕ್ಷಿ ಅವನ ಬೆನ್ನಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಅವನು ಹೋದ ಮೇಲೆ ಹೇಗ್ ಪಕ್ಕದ ಜೂಟರ್‌ಮೀರಿನ ಈ ಎಂಟನೇ ಮಹಡಿಯಲ್ಲಿ ಮಗ ಪ್ರತೀಕನ ಜೊತೆ ಇದ್ದಳು. ಕನ್ನಡದಲ್ಲಿ ಹೊಟ್ಟೆ ತುಂಬ ಮಾತಾಡಲು ಸಿಕ್ಕಿದವಳು ರಾಜಮ್ಮ ಒಬ್ಬಳೇ. ಹಾಸನದ ಕಡೆಯವಳು, ಇವಳಿಗಿಂತ ನಾಲ್ಕು ವರ್ಷಕ್ಕೆ ಹಿರಿಯಳು, ಮಗಳು ವಿಜಯಾಳ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಮಧ್ಯಾಹ್ನ ಎರಡಕ್ಕೆ ಜಲಜಾಕ್ಷಿ ಕೆಳಗಿಳಿಯಬೇಕು, ನಾಲ್ಕರವರೆಗೆ ಸೊಪ್ಪು ಬಿಡಿಸುತ್ತಲೋ ಬೇಳೆ ಆರಿಸುತ್ತಲೋ ಕೂರಬೇಕು. ಅದಿಲ್ಲದಿದ್ದರೆ ಬೆಳಗಿಗೂ ಸಂಜೆಗೂ ನಡುವೆ ಬರೀ ಕಿಟಕಿ.

ಈ ಸಲದ್ದು ಊರಿನ ಕೌನ್ಸಿಲ್ಲಿನ ಚುನಾವಣೆ. ಕಸ, ರಸ್ತೆ, ಸೈಕಲ್ ದಾರಿ ಎಂದು ಮುಗಿಯಬೇಕಾದದ್ದು. ಆದರೆ ಬಸ್‌ಸ್ಟಾಪಿನ ಎದುರಿನ ಖಾಲಿ ಆಫೀಸು ಕಟ್ಟಡದಲ್ಲಿ, ಯುದ್ಧ ತಪ್ಪಿಸಿಕೊಂಡು ಓಡಿಬಂದ ಮುನ್ನೂರು ಜನಕ್ಕೆ ಜಾಗ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದದ್ದೇ ತಡ, ಇಡೀ ಬಿಲ್ಡಿಂಗು ಎರಡು ಹೋಳಾಯಿತು. ಕೆಲವು ಕಿಟಕಿಗಳಲ್ಲಿ ಬರಲಿ ಎನ್ನುವ ಹಸಿರು ಕಾಗದ, ಕೆಲವದರಲ್ಲಿ ಬೇಡ ಎನ್ನುವ ಕಿತ್ತಳೆ ಕಾಗದ. ಮಳೆಯನ್ನು ಬೈದುಕೊಂಡೇ ಸ್ನೇಹ ಉಳಿಸಿಕೊಂಡಿದ್ದ ಜನ ಲಿಫ್ಟಿನಲ್ಲಿ ಅದನ್ನೂ ಬೈಯುವುದು ಬಿಟ್ಟರು. ಮೂರನೇ ಮಹಡಿಯ ಮುದುಕ ನಾಲ್ಕನೆಯವರ ಬೆಕ್ಕನ್ನು ಕೂಡ ಮಾತಾಡಿಸುವುದು ನಿಲ್ಲಿಸಿದ. ಮೀಟಿಂಗಿನಲ್ಲಿ ಒಬ್ಬ ಕುರ್ಚಿ ಎತ್ತಿದ ವೀಡಿಯೊ ಎಲ್ಲರ ಫೋನಿಗೂ ಬಂತು.

ಪ್ರತೀಕ್ ಬೇಡದ ಕಡೆ. ಕೆಟ್ಟ ಹುಡುಗನಲ್ಲ. ಮದುವೆ ಗೊತ್ತಾಗಿತ್ತು, ಈ ಫ್ಲ್ಯಾಟು ಮಾರಿ ತುಸು ದೊಡ್ಡದು ಕೊಳ್ಳುವ ಆಸೆಯಿತ್ತು, ಎದುರಿಗೆ ಅಂಥದ್ದು ಬಂದರೆ ಇದನ್ನು ಯಾರು ಕೊಳ್ಳುತ್ತಾರೆ ಎಂಬ ಹೆದರಿಕೆ. ಊಟದ ಹೊತ್ತಿಗೆ ಅಮ್ಮನ ತಟ್ಟೆಯ ಪಕ್ಕದಲ್ಲಿ ಫೋನು ನಿಲ್ಲಿಸಿ ಒಂದರ ಮೇಲೊಂದು ವೀಡಿಯೊ ತೋರಿಸುತ್ತಿದ್ದ. ನೋಡಿ ನೋಡಿ ಅವಳಿಗೂ ಭಯ ಜ್ವರದ ಹಾಗೆ ಹತ್ತಿತು. ಬಸ್ಸಿನಲ್ಲಿ ಗುರುತಿಲ್ಲದವರು ಪಕ್ಕಕ್ಕೆ ಕೂತರೆ ಚೀಲವನ್ನು ಮೈಗೆ ಎಳೆದುಕೊಳ್ಳುತ್ತಿದ್ದಳು. ತಾನು ಬಂದ ಹೊಸದರಲ್ಲಿ ತನ್ನನ್ನು ಕಂಡು ಹಾಗೆ ಎಳೆದುಕೊಂಡವರಿದ್ದರು. ಅದು ನೆನಪಿದ್ದೂ ಎಳೆದುಕೊಳ್ಳುತ್ತಿದ್ದಳು.

ರಾಜಮ್ಮ ಬರಲಿ ಎನ್ನುವ ಕಡೆ. ಹೇಮಾವತಿಗೆ ಅಣೆಕಟ್ಟು ಬಂದು ಅವಳ ಊರು ಮುಳುಗಿದಾಗ ಬೇರೆ ಊರಿನ ಶಾಲೆಯ ಒಂದು ಕೋಣೆಯಲ್ಲಿ ಆರು ಸಂಸಾರ ಎಂಟು ತಿಂಗಳು ಕಳೆದಿದ್ದವಂತೆ. ಬಾವಿಗೆ ಹೋದರೆ, ಇವರಿಂದ ನಮ್ಮ ನೀರು ಬತ್ತುತ್ತದೆ ಎಂದು ಆ ಊರಿನ ಹೆಂಗಸರು ಕೊಡ ಉರುಳಿಸುತ್ತಿದ್ದರಂತೆ. ಇದನ್ನೆಲ್ಲ ರಾಜಮ್ಮ ಅಳದೆ, ಮೆಂತೆ ಸೊಪ್ಪು ಬಿಡಿಸುತ್ತ ಹೇಳುತ್ತಿದ್ದಳು.

ವೋಟಿಗೆ ಹತ್ತು ದಿನ ಇರುವಾಗ ರಾಜಮ್ಮನ ಮೊಣಕಾಲಿಗೆ ಆಪರೇಷನ್ ಆಯಿತು. ಇಲ್ಲಿ ಒಂದು ಪದ್ಧತಿ ಉಂಟು. ಹೋಗಲಾಗದವರು ತಮ್ಮ ವೋಟಿನ ಚೀಟಿಯ ಹಿಂಬದಿಗೆ ಸಹಿ ಹಾಕಿ ನಂಬಿಕೆಯವರ ಕೈಗೆ ಕೊಟ್ಟರೆ, ಅವರು ತಮ್ಮದರ ಜೊತೆಗೆ ಅದನ್ನೂ ಹಾಕಿ ಬರಬಹುದು. ಯಾರಿಗೆ ಹಾಕಿದಿರಿ ಎಂದು ಕೇಳುವವರಿಲ್ಲ. ರಾಜಮ್ಮ ಚೀಟಿಯನ್ನೂ ತನ್ನ ಗುರುತಿನ ಕಾರ್ಡಿನ ನಕಲನ್ನೂ ಜಲಜಾಕ್ಷಿಯ ಕೈಯಲ್ಲಿಟ್ಟಳು.

"ಮಗಳ ಕೈಗೆ ಕೊಟ್ರೆ ಅವಳ ಬುದ್ಧಿಗೆ ತೋಚಿದಂಗೆ ಹಾಕ್ತಾಳೆ ಕಣೆ. ನೀನಾದ್ರೆ ನಾನು ಹೇಳ್ದಂಗೆ ಹಾಕ್ತೀಯ. ನಾಲ್ಕನೇ ಪಟ್ಟಿ, ಮರೀಬೇಡ."

ಶಾಲೆಯ ಆಟದ ಹಾಲಿನಲ್ಲಿ ಮರದ ಗೂಡು, ಪಕ್ಷಕ್ಕೊಂದು ನಂಬರಿನ ಪಟ್ಟಿ ಅಚ್ಚಾದ, ಮೇಜುಬಟ್ಟೆಯಷ್ಟು ಅಗಲದ ಎರಡು ಕಾಗದ, ಒಂದು ಕೆಂಪು ಪೆನ್ಸಿಲು. ತನ್ನ ಕಾಗದದಲ್ಲಿ ಮಗ ಹೇಳಿದ ಏಳನೇ ಪಟ್ಟಿಯ ಮೊದಲ ಹೆಸರಿನ ಪಕ್ಕದ ಚುಕ್ಕೆ ತುಂಬಿದಳು. ಆಮೇಲೆ ರಾಜಮ್ಮನದು ಬಿಡಿಸಿದಳು. ನಾಲ್ಕು ಕಾಣಿಸಿತು. ಪೆನ್ಸಿಲು ಅದರ ಮೇಲೆ ನಿಂತಿತು ಕೂಡ. ಒಂದೊಂದು ವೋಟೂ ಬೇಕಮ್ಮ ಎಂದಿದ್ದ ಮಗನ ದನಿ ಕಿವಿಯೊಳಗೆ ಬಂತು. ಕೈ ಬಲಕ್ಕೆ ಸರಿಯಿತು. ಏಳು. ಮಡಚಿ ಡಬ್ಬಿಗೆ ಹಾಕಿದಳು. ಆಮೇಲೆ ಎಷ್ಟೋ ಸಲ, ಮರೆತುಹೋಯಿತು, ಗಡಿಬಿಡಿಯಾಯಿತು ಎಂದು ತನಗೆ ತಾನೇ ಹೇಳಿ ನೋಡಿದಳು. ಹೇಳಿದವಳೇ ನಂಬಲಿಲ್ಲ.

ಹೊರಗೆ ಕಾಲಿಡುವುದರೊಳಗೆ ರಾಜಮ್ಮನ ಫೋನು, ಹಾಕಿದೆಯಾ ಎಂದು. ನೀವು ಹೇಳಿದ ಹಾಗೆಯೇ ಅಕ್ಕ ಎಂದಳು.

ಬೇಡ ಎಂದವರು ಗೆದ್ದರು. ಒಂದೆರಡು ವೋಟಿನಲ್ಲಿ ಗೆದ್ದದ್ದೂ ಅಲ್ಲ, ರಾಜಮ್ಮನದೊಂದು ಇಲ್ಲದಿದ್ದರೂ ಗೆಲ್ಲುತ್ತಿದ್ದರು. ಪ್ರತೀಕ್ ಕೇಕು ತಂದ. ಆ ಕೇಕು ತಿಂದ ಹೊತ್ತಿನಿಂದಲೇ ಎದೆಯ ಕುಟ್ಟಾಣಿ ಶುರುವಾದದ್ದು. ಊರಿನ ಕ್ರಮದಂತೆ ಅರಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ತಪ್ಪುಕಾಣಿಕೆ ಇಟ್ಟಳು. ಎರಡು ದಿನ ಸಮಾಧಾನವಿತ್ತು. ಮೂರನೇ ದಿನಕ್ಕೆ ಮತ್ತೆ ಅದೇ. ದೇವರಿಗೆ ಮಾಡಿದ ತಪ್ಪಾಗಿದ್ದರೆ ದೇವರು ತೆಗೆದುಕೊಳ್ಳುತ್ತಿದ್ದ. ಮಧ್ಯಾಹ್ನ ರಾಜಮ್ಮ ಸುಮ್ಮನೆ "ಏನೇ?" ಎಂದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಬೆಚ್ಚಿಬೀಳುತ್ತಿದ್ದಳು.

ಜನರ ಮನಸ್ಸು ಇನ್ನೂ ಕುದಿಯುತ್ತಿದೆ ಎಂದು ಬಡಾವಣೆಯ ಸಮುದಾಯ ಭವನದಲ್ಲಿ ಶುಕ್ರವಾರ ಬೆಳಗ್ಗೆ ಒಂದು ಕೂಟ ಶುರುವಾಯಿತು. ನಡೆಸುವವಳು ಮರೈಕೆ ಎಂಬ ತೆಳ್ಳನೆಯ ಹೆಂಗಸು. ಹಸಿರು ಕಾಗದದವರೂ ಕಿತ್ತಳೆಯವರೂ ಸುತ್ತ ಕೂರಬೇಕು, ಕಣ್ಣು ಮುಚ್ಚಿ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಬೇಕು, ಕೊನೆಗೆ ಒಬ್ಬೊಬ್ಬರೂ ಎದೆಯ ಮೇಲಿನ ಭಾರ ಹೇಳಬೇಕು, ಆಮೇಲೆ ಕಾಫಿ, ತಲೆಗೊಂದು ಬಿಸ್ಕತ್ತು. ನಾಲ್ಕು ಎನ್ನುವಲ್ಲಿಗೇ ಜಲಜಾಕ್ಷಿಯ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಒಂದು ಶುಕ್ರವಾರ ರಾಜಮ್ಮನೂ ಚಕ್ರದ ವಾಕರ್ ಹಿಡಿದು ಬಂದಿದ್ದಳು, ಅವಳ ಮಾತನ್ನು ಡಚ್ಚಿಗೆ ತಿರುಗಿಸಲು ವಿಜಯಾ ಪಕ್ಕದಲ್ಲಿದ್ದಳು.

"ನನಗೆ ಭಾರ ಇಲ್ಲಮ್ಮ," ಎಂದಳು ರಾಜಮ್ಮ. "ನಮ್ಮ ಕಡೆ ಸೋತ್ತು, ಸೋಲ್ಲಿ. ಅವತ್ತು ಬಾವಿಕಟ್ಟೆ ಹತ್ರ ನನ್ನ ಪರವಾಗಿ ಒಂದು ನರಪಿಳ್ಳೆ ಬಾಯಿ ಬಿಡಲಿಲ್ಲ. ಇವತ್ತು ಈ ಜನಕ್ಕೋಸ್ಕರ ನಾನೊಬ್ಬಳು ಬಾಯಿ ಬಿಟ್ಟೆ. ಕಾಲು ಬರ್ದಿದ್ರೂ ನಮ್ಮ ಜಲಜಾ ಹೊತ್ಕೊಂಡು ಹೋಗಿ ಹಾಕಿದ್ಲು. ಅದಕ್ಕೇ ರಾತ್ರಿ ಕಣ್ತುಂಬ ನಿದ್ದೆ."

ವಿಜಯಾ ತಿರುಗಿಸಿ ಹೇಳಿದಳು. ಎಲ್ಲರೂ ಜಲಜಾಕ್ಷಿಯನ್ನು ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು, ಕಿತ್ತಳೆ ಕಾಗದ ಅಂಟಿಸಿದ್ದ ಮೂರನೇ ಮಹಡಿಯ ಮುದುಕ ಕೂಡ. ಮರೈಕೆಗೆ ಕಣ್ಣು ತೇವವಾಯಿತು. ಬಡಾವಣೆಯ ಪತ್ರಿಕೆಗೆ ಇದನ್ನು ಬರೆಯಬೇಕು, ಬುಧವಾರ ಇಬ್ಬರೂ ಕೈ ಹಿಡಿದುಕೊಂಡಿರುವ ಫೋಟೋ ತೆಗೆಯೋಣ ಎಂದಳು. ನಿಮ್ಮ ಭಾರ ಏನು ಎಂದು ಜಲಜಾಕ್ಷಿಯನ್ನು ಕೇಳಿದಾಗ, ಏನೂ ಇಲ್ಲ ಎಂದು ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಶನಿವಾರ, ಭಾನುವಾರ, ಸೋಮವಾರ ಅವಳು ಅದನ್ನೇ ಅರೆದಳು. ಹೇಳಿದರೆ ತನಗೆ ನಿದ್ದೆ ಬರಬಹುದು, ರಾಜಮ್ಮನ ನಿದ್ದೆ ಹೋಗುತ್ತದೆ. ತನ್ನ ಭಾರ ಇಳಿಸಿಕೊಳ್ಳಲು ಅದನ್ನು ಇನ್ನೊಬ್ಬರಿಗೆ ಕೊಡುವುದು ಯಾವ ನ್ಯಾಯ? ಹೇಳದಿದ್ದರೆ ಸುಳ್ಳು ಪೇಪರಿಗೆ ಏರುತ್ತದೆ, ಫೋಟೋ ಸಮೇತ. ರಾಜಮ್ಮ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕುವವಳೇ. ಅದರ ಕೆಳಗೆ ದಿನಾ ಕೂತು ಬೇಳೆ ಆರಿಸಬೇಕು. ಮೂವತ್ತೊಂದು ವರ್ಷದಲ್ಲಿ ಸಿಕ್ಕಿದ್ದು ಒಂದು ಬಾಗಿಲು. ಅದು ಮುಚ್ಚಿಬಿಟ್ಟರೆ ಮಧ್ಯಾಹ್ನ ಎರಡಕ್ಕೆ ಎಲ್ಲಿ ಹೋಗುವುದು?

ಮಂಗಳವಾರ ಇಳಿದುಹೋದಾಗ ರಾಜಮ್ಮ ಫೋಟೋಗೆಂದು ಮಂಚದ ಮೇಲೆ ಮೂರು ಸೀರೆ ಹರಡಿಕೊಂಡಿದ್ದಳು. ನೀನು ಯಾವುದು ಉಡುತ್ತೀಯ, ಇಬ್ಬರದೂ ಒಂದೇ ಬಣ್ಣ ಆಗಬಾರದು ಎಂದಳು. ಜಲಜಾಕ್ಷಿ ಬಾಗಿಲಲ್ಲೇ ನಿಂತಳು. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಅಕ್ಕ, ಫೋಟೋ ಬೇಡ. ನಿಮ್ಮ ವೋಟು ನಾನು ನಾಲ್ಕಕ್ಕೆ ಹಾಕಲಿಲ್ಲ. ಏಳಕ್ಕೆ ಹಾಕಿದೆ."

ರಾಜಮ್ಮ ಕೈಯಲ್ಲಿದ್ದ ಸೀರೆಯ ಅಂಚು ಬಿಡಲಿಲ್ಲ.

"ಕಣ್ಣು ಮಂಜಾಗಿತ್ತೇನೋ," ಎಂದಳು ಮೆಲ್ಲಗೆ. "ಅಷ್ಟು ದೊಡ್ಡ ಕಾಗದ. ತಪ್ಪಿ ಹೋಗಿರ್ತದೆ."

ಹೌದು ಎಂದರೆ ಮುಗಿಯುತ್ತಿತ್ತು. ಆ ಹೌದು ಜಲಜಾಕ್ಷಿಯ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಇಲ್ಲಕ್ಕ. ನಾಲ್ಕು ಚೆನ್ನಾಗಿಯೇ ಕಂಡಿತ್ತು. ಗೊತ್ತಿದ್ದೇ ಹಾಕಿದ್ದು. ಆಗ ಹೆದರಿಕೆ ಆಗಿತ್ತು, ಎಂತಕ್ಕೆ ಅಂತ ಈಗ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ."

ರಾಜಮ್ಮ ಸೀರೆ ಮಡಚಿದಳು. ಎರಡನೆಯದು ಮಡಚಿದಳು. ಮೂರನೆಯದನ್ನು ಮಡಚಿ ಅದರ ಮೇಲೆ ಅಂಗೈ ಊರಿ ಕೂತಳು.

"ಐದು ವಾರ ನನ್ನ ಎದುರಿಗೆ ಕೂತು ಸೊಪ್ಪು ಬಿಡಿಸಿದ್ಯಲ್ಲೆ," ಎಂದಳು. "ಏಳಕ್ಕೆ ಹಾಕಿದ್ದು ಹಾಳಾಗ್ಲಿ. ಮೊನ್ನೆ ಅಷ್ಟು ಜನದ ಮುಂದೆ ನನ್ನ ಬಾಯಲ್ಲಿ ಹೊಗಳಿಸಿಕೊಂಡು ಕೂತಿದ್ಯಲ್ಲ, ಅದು."

ರಾಜಮ್ಮ ಮೂರೂ ಸೀರೆಯನ್ನು ದಿಂಬಿನ ಕಡೆಗೆ ಸರಿಸಿದಳು.

"ಈಗ ಹೋಗು. ನಾಳೆ ಬರಬೇಡ." ಜಲಜಾಕ್ಷಿ ಬಾಗಿಲು ಎಳೆದುಕೊಳ್ಳುವಾಗ ಒಳಗಿನಿಂದ ಮತ್ತೆ ದನಿ ಬಂತು. "ಗುರುವಾರ ಕಾಲಿನ ಎಕ್ಸರ್ಸೈಸಿಗೆ ಹೋಗಬೇಕು. ವಿಜಯಾ ಆಫೀಸಿಗೆ ಹೋಗಿರ್ತಾಳೆ. ಹತ್ತಕ್ಕೆ ಬಾ."

ಆ ಸಂಜೆ ಮಗನಿಗೂ ಹೇಳಿದಳು. ಪ್ರತೀಕ್ ಚಮಚ ಕೆಳಗಿಟ್ಟ. ಅವನಿಗೆ ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ.

"ಅಮ್ಮ, ನಾನು ಕೇಳಿದ್ದು ನಿಮ್ಮ ವೋಟು. ರಾಜಮ್ಮ ಆಂಟಿದು ಕೇಳಿರಲಿಲ್ಲ," ಎಂದ. ಊಟ ಮುಗಿಯುವವರೆಗೆ ಫೋನು ಮಗುಚಿ ಹಾಕಿಯೇ ಇಟ್ಟಿದ್ದ.

ಬುಧವಾರ ಫೋಟೋ ಇಲ್ಲ ಎಂದು ವಿಜಯಾ ಮರೈಕೆಗೆ ತಿಳಿಸಿದಳು, ಕಾರಣ ಹೇಳಲಿಲ್ಲವಂತೆ. ಗಂಟೆ ಎರಡಾಯಿತು. ಜಲಜಾಕ್ಷಿ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು, ಎದ್ದಳು, ಮತ್ತೆ ಕೂತಳು. ಕಾಲಿನ ಕೆಲಸ ಮುಗಿದ ಮೇಲೆ ಇನ್ನು ಬರಬೇಡ ಎಂದು ಗುರುವಾರ ಹೇಳಿಬಿಟ್ಟರೆ ಎಂಬ ಹೊಸ ಚಿಂತೆ ಹತ್ತಿತ್ತು. ಆದರೂ ಇದು ಕಣ್ಣಿಗೆ ಕಾಣುವ ಚಿಂತೆ, ಕೈಗೆ ಸಿಗುವ ಚಿಂತೆ. ಮೂರೂವರೆಯ ಹೊತ್ತಿಗೆ ಕೂತಲ್ಲೇ ತೂಕಡಿಸಿದಳು. ಎಚ್ಚರವಾದಾಗ, ತನಗೆ ಹೀಗೆ ನಿದ್ದೆ ಬರಬಹುದೇ ಎಂದು ಅದಕ್ಕೂ ಸಂಕೋಚವಾಯಿತು. ರಾಜಮ್ಮ ನಿನ್ನೆ ಮಲಗಿದಳೋ ಇಲ್ಲವೋ.

ಗುರುವಾರ ಹತ್ತಕ್ಕೆ ಹೋದಾಗ ರಾಜಮ್ಮ ಕೋಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇವಳನ್ನು ಕಂಡದ್ದೇ ಎದ್ದಳು. ಲಿಫ್ಟಿನಲ್ಲಿ ಇಬ್ಬರೂ ಅಂಕೆಗಳು ಇಳಿಯುವುದನ್ನು ನೋಡಿದರು. ಹೊರಗೆ ಗಾಳಿ ಜೋರಾಗಿತ್ತು. ಬಸ್‌ಸ್ಟಾಪಿನ ಹತ್ತಿರ ರಸ್ತೆಯ ಅಂಚು ಎತ್ತರವಿತ್ತು, ವಾಕರ್ ಹತ್ತಲಿಲ್ಲ. ಜಲಜಾಕ್ಷಿ ಅದನ್ನು ಮೇಲಿಟ್ಟು ಭುಜ ಕೊಟ್ಟಳು. ರಾಜಮ್ಮ ಒಂದು ಕ್ಷಣ ಆ ಭುಜವನ್ನು ನೋಡಿದಳು. ಆಮೇಲೆ ಪೂರಾ ಭಾರ ಹಾಕಿ ಹತ್ತಿದಳು. ಎದುರಿಗೆ ಆ ಖಾಲಿ ಕಟ್ಟಡ, ಗಾಜಿನ ತುಂಬ ಆಕಾಶ.

"ಮುಂದಿನ ಸಲ ತೆವಳಿಕೊಂಡಾದರೂ ನಾನೇ ಹೋಗ್ತೀನಿ," ಎಂದಳು ರಾಜಮ್ಮ. "ನೀನು ಬಾಗಿಲ ತನಕ ಬಂದ್ರೆ ಸಾಕು."

"ಆಯ್ತಕ್ಕ."

"ಒಳಗೆ ಕಾಲಿಡಬೇಡ."

"ಇಲ್ಲಕ್ಕ."

ಮಧ್ಯಾಹ್ನ ಎರಡರ ಮಾತು ರಾಜಮ್ಮ ಎತ್ತಲಿಲ್ಲ. ಜಲಜಾಕ್ಷಿ ಕೇಳಲಿಲ್ಲ. ವ್ಯಾಯಾಮದ ಕೋಣೆಯ ಮುಂದೆ ರಾಜಮ್ಮ ಕೋಟು ಬಿಚ್ಚಿ, ಎಲ್ಲಿಡುವುದೆಂದು ಸುತ್ತ ನೋಡಿ, ಕೊನೆಗೆ ಅವಳ ಕಡೆಗೇ ಚಾಚಿದಳು. ಮುಚ್ಚಿದ ಬಾಗಿಲಿನಾಚೆ ಯಾರೋ ಡಚ್ಚಿನಲ್ಲಿ ಎಣಿಸುತ್ತಿದ್ದರು, ರಾಜಮ್ಮ ಅಮ್ಮಾ ಎಂದು ನರಳುತ್ತ ಕಾಲು ಮಡಚುತ್ತಿದ್ದಳು. ಜಲಜಾಕ್ಷಿ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ಮುಗಿಯುವುದನ್ನು ಕಾಯುತ್ತ ನಿಂತಳು.