ಶಾಲೆಯ ಕೆಳಗೆ ಟೀಚರ್

"ಶಾಲೆ ತೆಗ್ದ್ರೆ ಟೀಚರೂ ಹೋತ್ರ್," ಎಂದಳು ಅಮಿತಾ, ಪರದೆಯಿಂದ ಕಣ್ಣು ತೆಗೆಯದೆ.

ಪಕ್ಕದ ಕುರ್ಚಿಯ ಮಿಥುನ್ ನಕ್ಕ. "ಹೋಗ್ಲಿ ಬಿಡ್ ಮಾರಾಯ್ತಿ. ಟೀಚರ್ ಅಂದ್ರೆ ಅದೆಂತ ಊರಿನ್ ಹೆಸ್ರಾ?"

ಕುಂದಾಪುರದ ಆ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಹಳೆಯ ಬಸ್ ಕಂಪನಿಯೊಂದರ ಕೆಲಸ ಬಂದಿತ್ತು. ಟಿಕೆಟ್ ಮೆಶೀನಿನ ಹಳೆಯ ಪ್ರೋಗ್ರಾಮಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಬೇಕು. ಹಳೆಯದನ್ನು ಬರೆದವರು ಕಂಪನಿಯಲ್ಲೇ ಇದ್ದ ರಾಘವೇಂದ್ರ ಎಂಬವರು. ಸ್ಟಾಪುಗಳ ಪಟ್ಟಿಯನ್ನು ಅವರು ಮರದಂತೆ ಜೋಡಿಸಿದ್ದರು; ಅದರಲ್ಲಿ ಎಷ್ಟು ಕವಲು ಬೇಕಾದರೂ ಒಡೆಯಬಹುದಿತ್ತು. ರೂಟಿನ ಕೆಳಗೆ ಟಿಕೆಟ್ ದರ ಬದಲಾಗುವ ಸ್ಟೇಜು, ಸ್ಟೇಜಿನ ಕೆಳಗೆ ಸ್ಟಾಪು, ಬೇಕೆಂದರೆ ಸ್ಟಾಪಿನ ಕೆಳಗೂ ಇನ್ನೊಂದು ಸ್ಟಾಪು. ಹೊಸದು ಮೂರು ಹಂತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಎಡಗಡೆ ಹಳೆಯ ಮರ, ಬಲಗಡೆ ಹೊಸ ಮರ. ಇಲ್ಲಿಂದ ಅಲ್ಲಿಗೆ ಗೆರೆ ಎಳೆಯುತ್ತಾ ಹೋಗುವುದು ಅಮಿತಾಳ ಕೆಲಸ. ಬ್ರಹ್ಮಾವರದ್ದು, ಬೈಂದೂರಿನದ್ದು, ಶಿರೂರಿನದ್ದು ಎಲ್ಲ ಸಲೀಸಾಗಿ ಕೂತವು. ಗುಲ್ವಾಡಿಯಲ್ಲಿ ಸಿಕ್ಕಿಕೊಂಡಿತು. ಗುಲ್ವಾಡಿ ಸ್ಟೇಜಿನ ಕೆಳಗೆ 'ಶಾಲೆ', ಶಾಲೆಯ ಕೆಳಗೆ 'ಟೀಚರ್'.

ಶಾಲೆ ಮುಚ್ಚಿ ವರ್ಷಗಳಾಗಿದ್ದವು; ಆ ಹೆಸರಿಗೆ ಈಗ ಯಾರೂ ಟಿಕೆಟು ಕೇಳುತ್ತಿರಲಿಲ್ಲ. ಟೀಚರಿಗೆ ಮಾತ್ರ ದಿನವೂ ಕೆಲವರು ಇಳಿಯುತ್ತಿದ್ದರು.

"ಎರಡನ್ನೂ ತೆಗ್ದ್ ಮುಂದಿನ್ ಸ್ಟಾಪಿಗೆ ಸೇರ್ಸುದ್," ಎಂದ ಮಿಥುನ್. "ಸ್ಟಾಪ್ ಕಮ್ಮಿ ಆಯ್ಕ್ ಅಂತ ಬಸ್ ಕಂಪನಿ ಮ್ಯಾನೇಜರ್ ಯತೀಶಣ್ಣನೇ ಹೇಳಿರ್. ಬೇರೆ ಬಸ್ಸಿನವ್ರ್ ಇವ್ರನ್ನ ಹಿಂದೆ ಹಾಕ್ತಾ ಇದ್ರ್ ಅಂಬ್ರ್."

ಅಮಿತಾ ಗೆರೆ ಎಳೆಯಲಿಲ್ಲ. ಆ ಹೆಸರು ಹೇಗೆ ಬಂತೆಂದು ಅವಳಿಗೆ ಗೊತ್ತಿತ್ತು. ಅವಳು ಅದೇ ಶಾಲೆಯ ಮೂರನೇ ಕ್ಲಾಸಿನಲ್ಲಿದ್ದಾಗ ವನಜ ಟೀಚರ್ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ವಾಸಿಯಾದರೂ ನಡಿಗೆ ಮೊದಲಿನಂತಾಗಲಿಲ್ಲ. ಶಾಲೆಗೆ ಇನ್ನೂ ಅರ್ಧ ಮೈಲಿ ಇರುವಾಗಲೇ ಸಿಗುವ ಅವರ ಗೇಟಿನೆದುರು ಡ್ರೈವರ್ ಚಂದ್ರಣ್ಣ ಯಾರೂ ಹೇಳದೆ ಬಸ್ಸು ನಿಲ್ಲಿಸತೊಡಗಿದ್ದ. ಅಲ್ಲಿಯವರೆಗೆ ಕಿರುಚಾಡುತ್ತಿದ್ದ ಮಕ್ಕಳೆಲ್ಲ ಒಮ್ಮೆಲೇ ಗಪ್‌ಚುಪ್. ಬಾಯೊಳಗಿನ ಹುಳಿಪೆಪ್ಪರಮಿಂಟು ಕೆನ್ನೆಯ ಒಂದು ಬದಿಗೆ ಸರಿಯುತ್ತಿತ್ತು. ಟೀಚರ ಚೀಲ ಹಿಡಿಯಲು ಹೆಣ್ಣುಮಕ್ಕಳಲ್ಲಿ ನೂಕಾಟ. ಅವರು ಕೂತ ಮೇಲೆ ಮುಂದಿನ ಸೀಟಿನ ಸುತ್ತ ಅವರು ಮುಡಿದ ಅಬ್ಬಲಿಗೆ ಹೂವಿನ ದಂಡೆಗಳ ಬಣ್ಣವೇ ಬಣ್ಣ. ಶಾಲೆಯವರೆಗಿನದೇ ದರ ಇರಲೆಂದು ರಾಘವೇಂದ್ರ ಆ ಗೇಟಿಗೆ 'ಟೀಚರ್' ಎಂದೇ ಹೆಸರಿಟ್ಟು ಶಾಲೆಯ ಕೆಳಗೆ ಸೇರಿಸಿದ್ದರು.

ಶನಿವಾರ ಮಧ್ಯಾಹ್ನ ಅಮಿತಾ ಗುಲ್ವಾಡಿ ಬಸ್ಸು ಹತ್ತಿದಳು.

"ಟೀಚರ್! ಟೀಚರ್ ಯಾರ್ ಇಳುದ್?" ಎಂದ ಕಂಡಕ್ಟರ್. ಹಿಂಡಿಯ ಚೀಲ ಹೊತ್ತ ಗಂಡಸೊಬ್ಬ, ನರ್ಸಿಂಗ್ ಓದುವ ಹುಡುಗಿಯೊಬ್ಬಳು ಅವಳೊಂದಿಗೆ ಇಳಿದರು.

"ಟೀಚರ್ ಮನಿ ಇದೇ ಅಲ್ದಾ?" ಎಂದು ಅಮಿತಾ ಹುಡುಗಿಯನ್ನು ಕೇಳಿದಳು.

"ಯಾವ ಟೀಚರ್? ಅದ್ ಸ್ಟಾಪಿನ್ ಹೆಸ್ರ್ ಅಲ್ದಾ ಅಕ್ಕಾ?"

ವನಜ ಟೀಚರ್ ಜಗುಲಿಯಲ್ಲಿ ತಂಗಿ ಕುಸುಮಳ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಎತ್ತಿ ನೋಡಿದರು.

"ನೀ ಗುಣಪಾಲನ್ ಮಗ್ಳ್ ಅಲ್ದಾ? ಏಳರ ಮಗ್ಗಿ ಬಪ್ಪುಕೆ ಒಂದ್ ವರ್ಷ ಬೇಕಾಯ್ತ್ ನಿಂಗೆ!"

ಅಮಿತಾ ನಾಚಿ ನಕ್ಕಳು. ಬೆಲ್ಲ ನೀರು ಕುಡಿದಾದ ಮೇಲೆ ಬಂದ ಕಾರಣ ಹೇಳಿದಳು. ಟೀಚರಿಗೆ ಅರ್ಥವಾಗಲಿಲ್ಲ. ಆಗ ಅವಳು ಹುಣಸೆಬೀಜಗಳನ್ನೇ ನೆಲದ ಮೇಲೆ ಒಂದರ ಕೆಳಗೊಂದು ಇಟ್ಟಳು. "ಇದ್ ರೂಟ್. ಇದ್ ಗುಲ್ವಾಡಿ. ಇದ್ ಶಾಲೆ. ಅದ್ರ ಕೆಳ್ಗೆ ನೀವ್. ಹೊಸ್ದ್ರಲ್ಲಿ ನಾಲ್ಕನೇದಕ್ಕೆ ಜಾಗ ಇಲ್ಲ. ಶಾಲೆ ತೆಗ್ದ್ ನಿಮ್ಮನ್ನ ಮೇಲೆ ತರುವ ಅಂತ ಇದ್ದೆ."

ಟೀಚರ್ ಬಾಗಿ ಕೊನೆಯ ಬೀಜವನ್ನು ಎತ್ತಿ ಬುಟ್ಟಿಗೆ ಹಾಕಿದರು.

"ಇದನ್ನ ತೆಗಿ. ಶಾಲೆ ಇರ್ಲಿ."

"ಅಲ್ಲಿ ಯಾರೂ ಇಳಿತಿಲ್ಲ ಟೀಚರ್."

"ಶಾಲೆ ಇಲ್ದೆ ನಾನ್ ಎಂತ ಟೀಚರ್ ಹೆಣ್ಣೇ?"

ಅಷ್ಟರಲ್ಲಿ ರಸ್ತೆಯಲ್ಲಿ ಇನ್ನೊಂದು ಬಸ್ಸು ನಿಂತಿತು. "ಟೀಚರ್! ಟೀಚರ್!" ಎಂಬ ಕೂಗು ಗೇಟು ದಾಟಿ ಜಗುಲಿಯವರೆಗೂ ಬಂತು. ವನಜ ಟೀಚರ್ ತಟ್ಟನೆ ತಲೆ ಎತ್ತಿದರು.

"ಮೊದಲ್ ಮೊದಲ್ 'ಹಾಂ' ಅಂತಿದ್ದೆ," ಎಂದರು.

"ಈಗ್ಲೂ ಅಂತ್ರ್," ಎಂದು ಕುಸುಮ ನಕ್ಕಳು. ಟೀಚರ್ ಬೀಜದ ಬುಟ್ಟಿಯೊಳಗೆ ಕೈಯಾಡಿಸಿದರು.

ಸೋಮವಾರ ಅಮಿತಾ ಪರದೆಯ ಮೇಲೆ ಟೀಚರನ್ನು ಎಳೆದು ತಂದು ಶಾಲೆಯ ಪಕ್ಕದಲ್ಲಿ, ಅದೇ ಸಾಲಿನಲ್ಲಿ ಕೂರಿಸಿದಳು. ಯಾವುದನ್ನೂ ಅಳಿಸಲಿಲ್ಲ. ಸಂಜೆಯೊಳಗೆ ಹೊಸ ಪಟ್ಟಿ ನೋಡಿದ ಯತೀಶರ ಫೋನು ಬಂತು.

"ಟೀಚರ್ ಆಯ್ತ್, ಜನ ಇಳಿತ್ರ್. ಶಾಲೆಗೆ ಯಾರ್ ಇಳುದ್?"

"ಯಾರೂ ಇಲ್ಲ."

"ಮತ್ತೆಂತಕ್ಕೆ?"

ಹೊಸ ಪ್ರೋಗ್ರಾಮಿನ ಮೇಲೆ ಹಾಕಿ ಏನಾದರೂ ಹೇಳಬಹುದಿತ್ತು. ಮಿಥುನ್ ಪಕ್ಕದಿಂದ ಹಾಗೇ ಸನ್ನೆ ಮಾಡುತ್ತಿದ್ದ. "ನಾನ್ ಅಲ್ಲೇ ಕಲ್ತದ್ದ್ ಯತೀಶಣ್ಣ," ಎಂದುಬಿಟ್ಟಳು.

ಆ ಕಡೆಯಿಂದ ಬಸ್ಸುಗಳ ಹಾರ್ನು ಕೇಳಿಸುತ್ತಿತ್ತು.

"ಬೈಂದೂರ್ ಲೈನಲ್ಲಿ ನಾ ಕಲ್ತದ್ದೂ ಒಂದ್ ಶಾಲೆ ಇತ್ತ್. ಕಾಣ್, ಅದೀಗ ಹೊಸ್ದ್ರಲ್ಲಿ ಇತ್ತಾ ಹೋಯ್ತಾ?"

ಅವಳು ಹುಡುಕಿದಳು. "ಈಗ್ಲೂ ಇತ್ತ್."

"ಹಂಗಾರೆ ಇರ್ಲಿ. ಆದ್ರೆ ಜನ ಇಲ್ದಲ್ಲಿ ಬಸ್ ನಿಲ್ಸುಕಿಲ್ಲ, ಅಷ್ಟೇ."

ಹೊಸ ಮೆಶೀನು ಬಂದ ವಾರ ಅಮಿತಾ ಮತ್ತೆ ಆ ಬಸ್ಸಿನಲ್ಲಿ ಹೋದಳು. ಕಂಡಕ್ಟರ್ ಅಜಿತ್ ಆ ಲೈನಿಗೆ ಹೊಸಬ; ಮೆಶೀನಿನಲ್ಲಿ ಕಂಡ ಹೆಸರುಗಳನ್ನು ಒಂದೂ ಬಿಡದೆ ಕೂಗುತ್ತಿದ್ದ. ಟೀಚರಿಗೆ ಮೂವರು ಇಳಿದರು. ಬಸ್ಸು ಹೊರಟಿತು.

"ಶಾಲೆ! ಶಾಲೆ ಯಾರಾರೂ ಇದ್ರ್ಯಾ?"

ಮೊಬೈಲು ನೋಡುತ್ತಿದ್ದವರು ತಲೆ ಎತ್ತಲಿಲ್ಲ. ಹಿಂದಿನ ಸೀಟಿನ ಮುದುಕರೊಬ್ಬರು ಮಾತ್ರ ಕಿಟಕಿಯತ್ತ ತಿರುಗಿದರು. ಯಾರೋ ಏಳಬಹುದೆಂದು ಡ್ರೈವರ್ ಬಸ್ಸು ನಿಧಾನ ಮಾಡಿದ. ಹೊರಗೆ ಶಾಲೆಯ ಕಂಪೌಂಡಿನ ಮೇಲೆ ಹೆಂಗಸೊಬ್ಬಳು ಮೀನಿನ ಬಲೆ ಒಣಹಾಕುತ್ತಿದ್ದಳು. ಬಸ್ಸು ತನಗಾಗಿ ನಿಲ್ಲುತ್ತಿದೆಯೆಂದುಕೊಂಡು, ಬಲೆಯ ಒಂದು ತುದಿಯನ್ನು ಎದೆಗೆ ಅವಚಿ, ಇನ್ನೊಂದು ಕೈಯಿಂದ ಹೋಗಿ ಹೋಗಿ ಎಂದು ಬೀಸಿದಳು.