ಕಂಪನಿ ಕನಕಪುರಕ್ಕೆ ಹೋಗಿದೆ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಿಯಾಜ್‌ನ ಮುಖಕ್ಕೆ ಒಂದು ಹೆಸರಿತ್ತು. ರೈತ ಎಷ್ಟೇ ಚೆಂದದ ರೇಷ್ಮೆಗೂಡು ತಂದು ಸುರಿದಿರಲಿ, ನಿಯಾಜ್ ಒಂದು ಹಿಡಿ ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಸಾವಿನ ಮನೆಗೆ ಬಂದವನ ಹಾಗೆ ಮುಖ ಮಾಡಿ ಕೆಳಗಿಡುತ್ತಿದ್ದ. ಆಮೇಲೆ ಟೀ ಅಂಗಡಿಗೆ ಹೋಗಿ, ಅರ್ಧ ಲೋಟ ಕುಡಿಯುವಷ್ಟರಲ್ಲಿ ಮೊಬೈಲಿನ ಹರಾಜಿನಲ್ಲಿ ಅದೇ ಗೂಡಿಗೆ ರೇಟು ಒತ್ತಿರುತ್ತಿದ್ದ. ಬೇಕು ಅನ್ನುವುದು ಮುಖದಲ್ಲಿ ಕಂಡರೆ ಕೆಲಸ ಕೆಟ್ಟಿತು. ರೈತ ಆ ರೇಟನ್ನು ಒಪ್ಪದೆ ಎರಡನೇ ಸುತ್ತಿಗೆ ಕಾಯುತ್ತಾನೆ, ನೂಲು ತೆಗೆಯುವ ಪಕ್ಕದ ರೀಲರು ಬೇಕೋ ಬೇಡವೋ ಒಂದು ರೂಪಾಯಿ ಮೇಲೆ ಒತ್ತುತ್ತಾನೆ. ಇಪ್ಪತ್ತೈದು ವರ್ಷದಿಂದ ಗೂಡು ಕೊಂಡು ನೂಲು ತೆಗೆಯುತ್ತಿದ್ದ ನಿಯಾಜ್ ಮಾರುಕಟ್ಟೆಯೊಳಗೆ ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ.

ಇಂಥವನ ಶೆಡ್ಡಿಗೆ ಒಂದು ದಿನ ಬೆಂಗಳೂರಿನ ಸೀರೆ ಕಂಪನಿಯಿಂದ ಸ್ಪಂದನಾ ಎಂಬ ಖರೀದಿ ಮೇಡಂ ಬಂದಳು. ಬೆಂದ ಹುಳದ ವಾಸನೆಗೆ ಮೂಗಿಗೆ ದುಪಟ್ಟಾ ಹಿಡಿದುಕೊಂಡೇ ಬಿಸಿನೀರಿನ ತೊಟ್ಟಿ, ನೂಲು ಸುತ್ತುವ ಮೆಷಿನ್ನು ಎಲ್ಲ ನೋಡಿದಳು. ಬಿಳಿ ನೂಲನ್ನು ಬೆರಳಲ್ಲಿ ಎಳೆದು ನೋಡಿ ಮೆಚ್ಚಿದಳು. ದಲ್ಲಾಳಿಗಳ ಗೊಡವೆಯಿಲ್ಲದೆ ನೇರವಾಗಿ, ವರ್ಷವಿಡೀ ತೆಗೆದುಕೊಳ್ಳುತ್ತೇವೆ ಎಂದಳು. ಕೆಲಸವಿಲ್ಲದ ತಿಂಗಳುಗಳಲ್ಲಿ ನಿಯಾಜ್‌ನ ಬಾಯ್ಲರ್ ತಣ್ಣಗಾಗುತ್ತಿತ್ತು. ಆಗ ಶೆಡ್ಡಿನಲ್ಲಿ ದುಡಿಯುವ ರಹೀಮಾ ಮತ್ತು ಉಳಿದ ಹೆಂಗಸರು ಕಂಡವರ ಮನೆ ಪಾತ್ರೆ ತಿಕ್ಕಲು ಹೋಗುತ್ತಿದ್ದರು. ಈ ಆರ್ಡರು ಕೈಗೆ ಬಂದರೆ ಬಾಯ್ಲರ್ ವರ್ಷಪೂರ್ತಿ ಉರಿಯುತ್ತದೆ.

"ನಿಮ್ಮ ಕಂಪನಿ ಎಲ್ಲಿದೆ?" ಎಂದಳು ಸ್ಪಂದನಾ.

"ನೀವು ನಿಂತಿರೋದೇ ಅದ್ರೊಳಗೆ ಮೇಡಂ."

"ಅಲ್ಲ, ಲಿಂಕ್ಡ್‌ಇನ್‌ನಲ್ಲಿ. ನಮ್ಮ ಮೇಲಿನವರು ಮೊದಲು ಅಲ್ಲಿ ಹುಡುಕ್ತಾರೆ. ಅಲ್ಲಿ ಇಲ್ಲ ಅಂದ್ರೆ ಅವರ ಪಾಲಿಗೆ ನೀವು ಇಲ್ಲವೇ ಇಲ್ಲ."

"ಇಲ್ದೆ ಇರೋನ್ ತಾವ ಇಷ್ಟು ವಾಸನೆ ಬತ್ತದಾ ಮೇಡಂ?"

ಮೇಡಂ ನಕ್ಕಳು. ಆದರೆ ಮಾತು ಬದಲಿಸಲಿಲ್ಲ.

ನಿಯಾಜ್‌ನ ಮಗಳು ಸುಹಾನಾ ಬಿ.ಕಾಂ. ಮುಗಿಸಿ ಶೆಡ್ಡಿನ ಬಿಲ್ಲುಗಳನ್ನು ನೋಡಿಕೊಳ್ಳುತ್ತಿದ್ದಳು. ಇಂಥದೊಂದು ಕೆಲಸಕ್ಕೇ ಕಾಯುತ್ತಿದ್ದವಳ ಹಾಗೆ ಆವತ್ತೇ ಪೇಜು ತೆರೆದಳು. ಅಪ್ಪನಿಗೆ ಮಾವನ ಮಗನ ಮದುವೆ ಕೋಟು ಹಾಕಿಸಿ, ನೂಲಿನ ಕಂತೆಗಳ ಮುಂದೆ ನಿಲ್ಲಿಸಿದಳು.

"ಅಬ್ಬಾ, ಒಸಿ ನಗಿ."

"ನಗ್ತಾ ಇದೀನಲ್ಲಮ್ಮಾ."

"ಇದು ನಗೋದಾ? ಹಲ್ಲು ನೋವು ಬಂದೋರ್ ಥರಾ ಐತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇಸ್ಮತ್, "ನಿಕಾಹ್ ದಿನದ ಫೋಟೋದಲ್ಲೂ ಹಿಂಗೇ ಅವ್ರೆ. ನನ್ನೂ ಗೂಡು ಅಂದ್ಕೊಂಡಿದ್ರು" ಎಂದಳು.

ಫೋಟೋದ ಕೆಳಗೆ 'ಸಂಸ್ಥಾಪಕ ಮತ್ತು ಸಿಇಓ' ಎಂದು ಬಿತ್ತು. ಕೆಲಸಗಾರರ ಹೆಸರೂ ಸೇರಿತು. ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕುವ ರಹೀಮಾ ಬಂದು, "ನನ್ನ ಏನಂತ ಹಾಕಿದ್ದೀಯೇ?" ಎಂದು ಕೇಳಿದಳು.

"ಸೀನಿಯರ್ ಪ್ರೋಸೆಸ್ ಎಕ್ಸಿಕ್ಯುಟಿವ್, ಖಾಲಾ."

"ಅಂಗಂದ್ರೆ ಸಂಬಳ ಜಾಸ್ತಿ ಆಯ್ತದಾ?"

"ಇಲ್ಲ."

"ಅಂಗಾರೆ ರಹೀಮಾ ಅಂತ್ಲೇ ಇರ್ಲಿ ಬುಡು. ಅದ್ಕೆ ಒಗ್ಗೋಗೈತೆ."

ಪೇಜು ನೋಡಿ ಕಂಪನಿಯ ಮೇಲಿನವರು ಒಪ್ಪಿದರು. ಮೊದಲ ಆರ್ಡರು ಮಂಗಳವಾರ ಬಂತು. ಮುಂದಿನ ಬುಧವಾರದೊಳಗೆ ಬಿಳಿಗೂಡಿನ ಒಳ್ಳೆಯ ನೂಲು ಕಳಿಸಬೇಕು. ಗಡುವು ತಪ್ಪದಿದ್ದರೆ ವರ್ಷದ ಒಪ್ಪಂದ, ತಪ್ಪಿದರೆ ನಮಸ್ಕಾರ. ಸುಹಾನಾ ಖುಷಿಗೆ ಅದನ್ನೇ ಪೇಜಿಗೆ ಹಾಕಿಬಿಟ್ಟಳು. ದೊಡ್ಡ ಆರ್ಡರು ಸಿಕ್ಕಿರುವುದು, ತಲುಪಿಸಬೇಕಾದ ದಿನ, ಈ ವಾರವೇ ರಾಮನಗರದ ಮಾರುಕಟ್ಟೆಯಲ್ಲಿ ಅತ್ಯುತ್ತಮ ಬಿಳಿಗೂಡು ಕೊಳ್ಳಲಿರುವುದು, ಎಲ್ಲವೂ ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಕೈಮುಗಿದ ಚಿತ್ರ. ಸಂಜೆಯೊಳಗೆ ಮೆಚ್ಚುಗೆಗಳು ಬೀಳತೊಡಗಿದವು.

"ನಮ್ಮ ಸಾದಿಕ್ ಚಿಕ್ಕಪ್ಪಾನೂ ಲೈಕ್ ಮಾಡವ್ರೆ ಅಬ್ಬಾ!"

ಸಾದಿಕ್ ಎಂದರೆ ಮೋರಿಯಾಚೆಯ ಶೆಡ್ಡಿನ ರೀಲರು, ನಿಯಾಜ್‌ನ ಜೊತೆ ಒಂದೇ ಬೆಂಚಿನಲ್ಲಿ ಓದಿ ಒಂದೇ ವರ್ಷ ಫೇಲಾದವನು. "ಪರ್ವಾಗಿಲ್ವೇ, ಹೊಟ್ಟೆಕಿಚ್ಚಿಲ್ಲ ಅವ್ನಿಗೆ" ಎಂದು ನಿಯಾಜ್ ಸಂತೋಷಪಟ್ಟ.

ಬೆಳಿಗ್ಗೆ ಮಾರುಕಟ್ಟೆಯಲ್ಲಿ ದೊಡ್ಡಆಲಹಳ್ಳಿಯ ಶಂಭುಲಿಂಗ ಬೆಳ್ಳಗೆ ಹೊಳೆಯುವ ಗೂಡು ತಂದು ಸುರಿದಿದ್ದ. ಅವನ ಬೆಳೆಯ ಅರ್ಧ ಅದು, ಉಳಿದರ್ಧ ಮರುದಿನ ಬರುವುದಿತ್ತು. ನಿಯಾಜ್ ಒಂದು ಹಿಡಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ತನ್ನ ಅತ್ಯುತ್ತಮ ಸಾವಿನ ಮುಖ ಮಾಡಿದ.

"ಏನ್ ಶಂಭಣ್ಣ, ಗೂಡು ಇನ್ನೂ ಹಸಿ ಐತೆ. ಊಜಿ ನೊಣ ಬೇರೆ ಹೊಡ್ದಂಗೈತೆ."

ಶಂಭುಲಿಂಗ ಬೇಸರಪಡಲಿಲ್ಲ. ಬಾಯ್ತುಂಬ ನಕ್ಕು ಕೈ ಚಾಚಿದ. "ಕಂಗ್ರಾಜುಲೇಸನ್ಸ್ ನಿಯಾಜಣ್ಣ."

"ಯಾತಕ್ಕೆ?"

"ಆರ್ಡರ್ ಸಿಕ್ತಂತಲ್ಲ! ನನ್ ಮಗ್ಳು ರಕ್ಷಿತಾ ಓದಿ ಹೇಳುದ್ಲು. ಬರೋ ಬುಧವಾರದೊಳಗೆ ಕೊಡ್ಲೇಬೇಕಂತೆ, ಬಿಳಿಗೂಡೇ ಆಗ್ಬೇಕಂತೆ. ಕೋಟ್‌ನಾಗೆ ಸಂದಾಗ್ ಕಾಣ್ತೀರ ಕಣಣ್ಣ. ನಮ್ಗೂ ಒಸಿ ರೇಟು ನೋಡ್ಕೊಡಿ."

ನಿಯಾಜ್‌ಗೆ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಸಾಲಿನುದ್ದಕ್ಕೂ ರೈತರು ನಗುತ್ತಿದ್ದರು. ಒಬ್ಬನಂತೂ ಗೂಡಿನ ರಾಶಿಯ ಮೇಲೆ ಟವಲು ಹೊದಿಸಿ, "ಸಿಇಓಗಳಿಗೆ ಮೀಸಲು" ಎಂದ. ಮೊದಲ ಸುತ್ತಿನಲ್ಲಿ ನಿಯಾಜ್ ಒತ್ತಿದ ರೇಟನ್ನು ಬಿಳಿಗೂಡಿನವರು ಯಾರೂ ಒಪ್ಪಲಿಲ್ಲ. ಎರಡನೇ ಸುತ್ತಿನಲ್ಲಿ ಅವನು ಎಷ್ಟು ಏರಿಸಿದರೂ ಸಾದಿಕ್ ಅದಕ್ಕಿಂತ ಮೇಲೆ ಹೋದ. ಅಷ್ಟು ಕೊಟ್ಟು ಕೊಂಡರೆ ನೂಲಿನಲ್ಲಿ ಕೈಸುಟ್ಟುಕೊಳ್ಳಬೇಕಾಗುತ್ತಿತ್ತು. ಶಂಭುಲಿಂಗನ ಗೂಡು ಸಾದಿಕ್‌ನ ಪಾಲಾಯಿತು.

"ದಾರಿ ಬುಡ್ರೋ, ಸಿಇಓ ಸಾಹೇಬ್ರು ಖಾಲಿ ಚೀಲ ತಗೊಂಡ್ ಹೊಂಟವ್ರೆ!" ಎಂದು ಸಾದಿಕ್ ಕೂಗಿದ. "ಬೇಕಾದ್ರೆ ನನ್ ತಾವ ಬಾರ್ಲಾ ನಿಯಾಜ್, ಕೊಡ್ತೀನಿ. ರೇಟ್ ಮಾತ್ರ ಕಂಪನಿ ರೇಟು!"

ಮನೆಗೆ ಬಂದವನೇ ನಿಯಾಜ್ ಚೀಲ ಬಿಸಾಡಿದ. "ಅಳಿಸಾಕು ಅದನ್ನ! ಇಪ್ಪತ್ತೈದು ವರ್ಷ ಮುಚ್ಚಿಟ್ಟಿದ್ ಮೊಖಾನ ಒಂದೇ ದಿನದಲ್ಲಿ ಊರಿಗೆಲ್ಲಾ ತೋರಿಸ್ಬುಟ್ಟೆ!"

ಸುಹಾನಾಳ ಕಣ್ಣು ತುಂಬಿತು. "ಅಳಿಸುದ್ರೆ ಬೆಂಗ್ಳೂರಿನೋರು ಏನಂದ್ಕೊತಾರೆ ಅಬ್ಬಾ? ಅವ್ರಿಗೋಸ್ಕರಾನೇ ಅಲ್ವಾ ತೆರ್ದಿದ್ದು?"

ಅದೂ ನಿಜವೇ. ಪೇಜು ಇದ್ದರೆ ಗೂಡು ಸಿಗುವುದಿಲ್ಲ, ಇಲ್ಲದಿದ್ದರೆ ಆರ್ಡರು ಸಿಗುವುದಿಲ್ಲ. ಹೊರಗೆ ತಣ್ಣಗಿನ ಬಾಯ್ಲರಿಗೆ ಒರಗಿ ರಹೀಮಾ ಎಲೆಯಡಿಕೆ ಜಗಿಯುತ್ತಿದ್ದಳು.

ಟೀ ತಂದಿಟ್ಟ ಇಸ್ಮತ್ ಕೇಳಿದಳು: "ಅದನ್ನ ನೋಡೋರು ಯಾರ್ ಯಾರು?"

ಸುಹಾನಾ ಮೂಗೊರೆಸಿಕೊಂಡು ಓದಿದಳು. ಬೆಂಗಳೂರಿನ ಸ್ಪಂದನಾ ಮೇಡಂ. ಮಿಕ್ಕವರೆಲ್ಲ ಊರಿನವರೇ: ಸಾದಿಕ್, ಅವನ ಭಾವಮೈದ, ಸತ್ತ ಹುಳ ಕೊಳ್ಳುವ ಅಶೋಕ್, ಮಾರುಕಟ್ಟೆಯ ಸುತ್ತಮುತ್ತಲಿನ ರೀಲರುಗಳು, ರೈತರ ಮಕ್ಕಳು.

ನಿಯಾಜ್ ಲೋಟ ಕೆಳಗಿಟ್ಟ. "ಅಂದ್ರೆ ಅದೂ ಗೂಡಿನ ಮಾರ್ಕೆಟ್ಟೇ ಅನ್ನು. ಅಲ್ಲೂ ಅವ್ರೇ ಓಡಾಡ್ತಾವ್ರೆ."

"ಹೂಂ."

"ಮಾರ್ಕೆಟ್‌ನಾಗೆ ನಾನು ಗೂಡು ಇಟ್ಬುಟ್ಟು ಟೀ ಅಂಗ್ಡಿ ಕಡೆ ಯಾಕೆ ಹೋಯ್ತೀನಿ ಗೊತ್ತೇನಮ್ಮಾ?"

ಸುಹಾನಾ ಅಪ್ಪನ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ಅದನ್ನು ಕಂಡು ಅವಳಿಗೆ ಧೈರ್ಯ ಬಂತು.

"ನಾಳೆ ಸ್ನೇಹಿತೆ ಮನೆಗೆ ಕನಕಪುರಕ್ಕೆ ಹೋಗ್ಬೇಕು ಅಂತಿದ್ಯಲ್ಲ? ಹೋಗು. ಅಮ್ಮೀನೂ ಕರ್ಕೊಂಡ್ ಹೋಗು. ಹಂಗೇ ಅಲ್ಲಿ ಮಾರ್ಕೆಟ್‌ಗೂ ಒಂದು ಸುತ್ತು ಹಾಕ್ಕೊಂಡ್ ಬಾ, ಗೂಡು ನೋಡೋದೂ ಕಲೀಬೇಕಲ್ಲ ನೀನು. ಹೋಗೋದು ದಿಟ. ದಿಟ ಆದ್ಮೇಲೆ ಪೇಜಿಗೆ ಹಾಕಾಕೆ ಏನಡ್ಡಿ?"

ಸಂಜೆ ಪೇಜಿನಲ್ಲಿ ಹೊಸ ಸುದ್ದಿ ಬಿತ್ತು: ನಮ್ಮ ಸಂಸ್ಥೆ ನಾಳೆ ಬೆಳಿಗ್ಗೆ ಕನಕಪುರದ ಗೂಡಿನ ಮಾರುಕಟ್ಟೆಗೆ ಭೇಟಿ ನೀಡಲಿದೆ. ಸಾದಿಕ್ ತಕ್ಷಣ ಮೆಚ್ಚಿದ.

ಮರುದಿನ ಶಂಭುಲಿಂಗ ಉಳಿದರ್ಧ ಗೂಡು ಸುರಿದು, ಬೀಡಿ ಹಚ್ಚಲು ಹೊರಗೆ ಹೋಗಿ ಬರುವಷ್ಟರಲ್ಲಿ, ಹಳೇ ಶರಟಿನ ನಿಯಾಜ್ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ.

"ಅಲ್ಲ ಕಣಣ್ಣ, ನೀವು ಕನಕಪುರಕ್ಕೆ ಹೋಗ್ಲಿಲ್ವಾ?"

"ಕಂಪನಿ ಹೋಗೈತೆ ಶಂಭಣ್ಣ. ನಾನಿಲ್ಲೇ ಇವ್ನಿ."

ಶಂಭುಲಿಂಗ ಅತ್ತಿತ್ತ ನೋಡಿದ. ಸಾದಿಕ್ ಇಲ್ಲ, ಅವನ ಭಾವಮೈದ ಇಲ್ಲ, ನಿನ್ನೆ ರೇಟು ಏರಿಸಿದವರು ಒಬ್ಬರೂ ಇಲ್ಲ. ಅವನಿಗೆ ಎಲ್ಲವೂ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ.

"ನಗ್ಬೇಡ. ನಿನ್ನೆ ರೇಟು ಕೊಡಾಕಾಗಲ್ಲ. ಹೋದ ವಾರದ ರೇಟಿಗಿಂತ ಒಂದೆರಡು ರೂಪಾಯಿ ಮೇಲೇ ಒತ್ತೀನಿ, ನಿನ್ಗೂ ನಷ್ಟ ಬೇಡ. ನಿನ್ ಬೆಳೆ ಮುಂದೆಯೂ ನನ್ಗೆ ಬೇಕು."

"ಗೂಡು ಹಸಿ ಐತೆ ಅಂತಿದ್ರಿ?"

"ಹಸೀನೇ ಐತೆ," ಎಂದ ನಿಯಾಜ್, ಸಾವಿನ ಮುಖ ಮಾಡಿಕೊಂಡು ಟೀ ಅಂಗಡಿಯ ಕಡೆ ನಡೆದ. ಶಂಭುಲಿಂಗ ಮೊದಲ ಸುತ್ತಿನಲ್ಲೇ ಒಪ್ಪಿದ. ಅವನನ್ನು ನೋಡಿ ಇನ್ನೂ ಕೆಲವರು ಒಪ್ಪಿದರು.

ಅತ್ತ ಕನಕಪುರದಲ್ಲಿ ಸುಹಾನಾ ಕಲಿಯುವ ಹುಮ್ಮಸ್ಸಿನಲ್ಲಿ ಕಂಡಕಂಡ ರಾಶಿಯಿಂದೆಲ್ಲ ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಬಿಳಿಯದು, ಹಳದಿಯದು, ಸೊಟ್ಟಗಿದ್ದದ್ದು ಎಂದು ನೋಡಲಿಲ್ಲ. ಅವಳು ಮುಟ್ಟಿದ್ದಕ್ಕೆಲ್ಲ ಕಂಬದ ಮರೆಯಿಂದ ಸಾದಿಕ್ ರೇಟು ಒತ್ತಿದ. ಒತ್ತಿದ್ದಕ್ಕೆಲ್ಲ ರೈತರು ಸಂತೋಷದಿಂದ ಒಪ್ಪಿದರು. ಆಮೇಲೆ ಇಸ್ಮತ್ ಹೋಗಿ, "ಏನ್ ಸಾದಿಕ್ ಭಾಯ್, ನೀವೂ ಇಲ್ಲೇನಾ? ಕಬ್ಬಿನ ಹಾಲು ಕುಡಿಯೋಣ ಬನ್ನಿ" ಎಂದು ಕರೆದಾಗಲೇ ಅವನಿಗೆ ಏನೋ ಹೊಳೆದದ್ದು. ಗೂಡನ್ನು ಬಹಳ ದಿನ ಇಟ್ಟುಕೊಳ್ಳುವ ಹಾಗಿಲ್ಲ, ಚಿಟ್ಟೆ ತೂತು ಕೊರೆದು ಹೊರಬರುತ್ತದೆ. ಸಾದಿಕ್‌ನ ಶೆಡ್ಡಿನಲ್ಲಿ ಆ ವಾರ ದೀಪ ಆರಿದ್ದನ್ನು ಯಾರೂ ಕಾಣಲಿಲ್ಲ. ಅವನ ಕೆಲಸಗಾರರಿಗೆ ಮಾತ್ರ ಹೆಚ್ಚು ಕೂಲಿಯಾಗಿ ಒಳ್ಳೆಯದೇ ಆಯಿತು.

ನಿಯಾಜ್‌ನ ನೂಲು ಮಂಗಳವಾರವೇ ಬೆಂಗಳೂರಿಗೆ ಹೋಯಿತು. ವಾರ ಕಳೆದು ಸ್ಪಂದನಾ ಫೋನು ಮಾಡಿ ಒಪ್ಪಂದ ಆಗಿದೆ ಎಂದಳು. "ನಿಮ್ಮ ಕನಕಪುರದ ಪೋಸ್ಟು ನಮ್ಮ ಮೇಲಿನವರಿಗೆ ತುಂಬ ಹಿಡಿಸ್ತು. ಬೆಳೀತಾ ಇರೋ ಸಂಸ್ಥೆ ಅಂದ್ರು."

"ಹೌದು ಮೇಡಂ, ಓಡಾಡ್ತಾ ಐತೆ."

ಹೊರಗೆ ರಹೀಮಾ ಬಾಯ್ಲರಿಗೆ ಸೌದೆ ತುಂಬುತ್ತಿದ್ದಳು. ನೂಲು ಗೇಟು ದಾಟುವ ಮೊದಲು ಪೇಜಿಗೆ ಏನೂ ಹಾಕಕೂಡದು ಎಂಬ ಕಾನೂನು ಮನೆಯಲ್ಲಿ ಜಾರಿಗೆ ಬಂತು. ದಾಟಿದ ಮೇಲೆ ಎಷ್ಟು ಬೇಕಾದರೂ ಕೈಮುಗಿಯಬಹುದು.

ಹದಿನೈದು ದಿನದ ನಂತರ ಸುಹಾನಾ ಮೊಬೈಲು ಹಿಡಿದು ಓಡಿಬಂದಳು. ಸಾದಿಕ್ ಕೂಡ ಪೇಜು ತೆರೆದಿದ್ದ. ಕೋಟು ಬಾಡಿಗೆಯದು, ತೋಳು ಉದ್ದವಾಗಿತ್ತು. ಕೆಳಗೆ ಮೊದಲ ಸುದ್ದಿ: ನಮ್ಮ ಸಂಸ್ಥೆ ನಾಳೆ ಬೆಳಿಗ್ಗೆ ಮಾಗಡಿಯ ಗೂಡಿನ ಮಾರುಕಟ್ಟೆಗೆ ಭೇಟಿ ನೀಡಲಿದೆ.

ನಿಯಾಜ್ ಮಗಳಿಂದಲೇ ಅದಕ್ಕೊಂದು ಲೈಕ್ ಒತ್ತಿಸಿದ.

"ಅಮ್ಮೀಗೆ ಹೇಳು, ನಾಳೆ ಬೇಗ ಎಬ್ಬಿಸ್ಬೇಕು. ರಾಮನಗರದ ಮಾರ್ಕೆಟ್‌ನಾಗೆ ಸಾದಿಕ್ ಬರೋದ್ರೊಳಗೆ ನಾನು ಟೀ ಅಂಗ್ಡೀಲಿ ಇರ್ಬೇಕು."