ಕೊನೆ ಸಾಲು ಇನ್ನೂ ಇದೆ

ಒಂದಾನೊಂದು ಊರಿನಲ್ಲಿ ಒಂದು ಗಿಳಿ ಇತ್ತಂತೆ. ಯಾರು ಏನು ಹೇಳಿಕೊಟ್ಟರೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿತ್ತಂತೆ. ಮನೆಯೊಡತಿ ಅದಕ್ಕೆ 'ಬೆಕ್ಕು ಬಂತು, ಬಾಗಿಲು ಹಾಕಿ' ಎಂದು ಕಲಿಸಿದಳು. ಗಿಳಿ ಅದನ್ನೇ ಹಾಡಿನ ಹಾಗೆ ಹೇಳಿಕೊಂಡು ಕೂತಿರುತ್ತಿತ್ತು. ಒಂದು ದಿನ ಬೆಕ್ಕು ಬಂದೇ ಬಂತು. ಗಿಳಿ ಅದರ ಮುಖವನ್ನೇ ನೋಡುತ್ತಾ, ಇನ್ನೂ ಇಂಪಾಗಿ, 'ಬೆಕ್ಕು ಬಂತು, ಬಾಗಿಲು ಹಾಕಿ' ಎಂದಿತು. ಆಮೇಲೆ ಅಂಗಳದ ತುಂಬ ಹಸಿರು ಪುಕ್ಕ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಟೀಚರಮ್ಮ ಈ ಕತೆ ಕಟ್ಟಿದ್ದು ಒಬ್ಬಳೇ ಒಬ್ಬ ಹುಡುಗಿಗಾಗಿ. ಆ ಹುಡುಗಿಗೆ ಅಂದಿನಿಂದ ಗಿಳಿ ಎಂಬ ಹೆಸರೇ ಅಂಟಿಕೊಂಡಿತು. ಈಗ ಅದೇ ಗಿಳಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏರಿನಲ್ಲಿ ನಿಂತುಹೋದ ಹೆಣದ ಗಾಡಿಯನ್ನು ಹಿಂದಿನಿಂದ ನೂಕುತ್ತಿದ್ದಳು. ಗಾಡಿಯೊಳಗೆ ಟೀಚರಮ್ಮ ಮಲಗಿದ್ದರು.

"ನೂಕ್ರಪ್ಪ, ನೂಕಿ!" ಪಕ್ಕದಲ್ಲಿ ಭುಜ ಕೊಟ್ಟಿದ್ದ, ಊರಿಗೆಲ್ಲ ಟ್ಯೂಷನ್ ಹೇಳುವ ಗೈಡ್ ಮೇಷ್ಟ್ರು ಏದುಸಿರು ಬಿಟ್ಟರು. "ಬದುಕಿದ್ದಾಗ ಯಾರನ್ನೂ ಸುಲಭವಾಗಿ ಮುಂದಿನ ಕ್ಲಾಸಿಗೆ ಬಿಟ್ಟವರಲ್ಲ. ಹೋಗುವಾಗಲೂ ನಮ್ಮ ಬೆವರು ಇಳಿಸಿಯೇ ಹೋಗ್ತಾರೆ."

ನಾಲ್ಕು ಜನ ನಕ್ಕರು. ಗಾಡಿ ಕೆಮ್ಮಿ, ನಡುಗಿ, ಮತ್ತೆ ಹೊರಟಿತು.

ಗಿಳಿಯ ಗಂಡ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದ. ಕಂಕುಳಲ್ಲಿ ಹೆಲ್ಮೆಟ್ಟು, ಜೇಬಿನಲ್ಲಿ ಕೈಗವಸು.

"ಸ್ಮಶಾನದ ತನಕ ಬರಲ್ವೇನ್ರೀ?"

"ಹೇಗೆ ಬರ್ಲಿ ಹೇಳು? ಇವತ್ತು ತೊಟ್ಟಿಯೊಳಗಿನ ಕೊಳೆ ಕೆರೆಯೋದು ನಮ್ಮ ಪಾಳಿಗೇ ಬಂದಿದೆ. ಕಾರ್ಖಾನೆ ಗೇಟಿನ ತನಕ ಬರ್ತೀನಿ. ಆಮೇಲೆ ನೀನುಂಟು, ನಿನ್ನ ಟೀಚರಮ್ಮ ಉಂಟು." ಅವನು ಮೂಗೆತ್ತಿ ಗಾಳಿ ಎಳೆದುಕೊಂಡ. "ನೋಡು, ಇವತ್ತು ವಾಸನೇನೇ ಇಲ್ಲ. ಟೀಚರಮ್ಮನಿಗೆ ಮರ್ಯಾದೆ ಕೊಟ್ಟ ಹಾಗಿದೆ."

ನಿಜವೇ. ಚರ್ಮ ಹದಮಾಡುವ ಆ ಕಾರ್ಖಾನೆಯ ಕೊಳೆತ ಮೊಟ್ಟೆಯಂಥ ನಾತ ಈ ರಸ್ತೆಯವರಿಗೆಲ್ಲ ಒಗ್ಗಿಹೋಗಿತ್ತು. ಇಂದು ಅದು ಇರಲಿಲ್ಲ. ಮೋರಿಯ ಕಲ್ಲಿನ ಮೇಲೆ ಒಂದು ಹೆಗ್ಗಣ, ನಿದ್ದೆ ಹೋದ ಹಾಗೆ, ಮುಂಗಾಲುಗಳ ಮೇಲೆ ತಲೆಯಿಟ್ಟು ಸತ್ತಿತ್ತು. ಮೈಮೇಲೆ ಒಂದು ಗಾಯವಿಲ್ಲ. ಗಿಳಿ ಅದನ್ನು ದಾಟಿದಳು, ಮತ್ತೆ ತಿರುಗಿ ನೋಡಿದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

*

ಗಿಳಿ ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ತರಗತಿಯಲ್ಲಿ ಓದಬೇಕಾಗಿದ್ದದ್ದು ಹೆಪ್ಪುಗಟ್ಟಿದ ಕೆರೆಯ ಪಾಠ. ಒಬ್ಬ ಮನುಷ್ಯ ಸಂಜೆ ಮನೆಗೆ ಹೊರಡುತ್ತಾನೆ. ಸುತ್ತಿ ಹೋಗುವ ಬದಲು ಕೆರೆಯ ಮೇಲೆಯೇ ನಡೆಯುತ್ತಾನೆ. ಗಿಳಿ ಎದ್ದು ನಿಂತು ಗಂಟೆ ಬಾರಿಸಿದ ಹಾಗೆ ಓದಿದಳು. ಉಚ್ಚಾರ ಮುತ್ತು ಪೋಣಿಸಿದಂತಿತ್ತು.

"ಮಂಜುಗಡ್ಡೆ ಹೇಗಿತ್ತು?" ಟೀಚರಮ್ಮ ಕೇಳಿದರು.

"ಗಟ್ಟಿಯಾಗಿತ್ತು!" ಇಡೀ ಕ್ಲಾಸು ಕೂಗಿತು. ಎರಡನೆಯ ಸಾಲಿನಲ್ಲೇ ಹಾಗೆಂದು ಬರೆದಿತ್ತು.

"ಸರಿ. ಅವನು ಮನೆ ಮುಟ್ಟಿದನಾ?"

ಮಕ್ಕಳು ಪುಟ ತಿರುಗಿಸಿ ಪಾಠದ ಕೊನೆಯ ಪ್ರಶ್ನೆಗಳಲ್ಲಿ ಹುಡುಕಿದರು. ಅಂಥ ಪ್ರಶ್ನೆ ಅಲ್ಲಿರಲಿಲ್ಲ.

"ಕೊನೆ ಸಾಲು ಇನ್ನೂ ಇದೆ," ಎಂದರು ಟೀಚರಮ್ಮ. ಅದು ಅವರ ಮಂತ್ರ. "ಬೆರಳಿಡಿ. ಗೊತ್ತಿಲ್ಲದ ಪದ ಬಂದರೆ ಹೆದರಬೇಡಿ. ಹೊಸ ಬೀದಿಗೆ ಹೋದಾಗ ಏನು ಮಾಡ್ತೀರಿ? ಅಕ್ಕಪಕ್ಕದವರನ್ನು ಕೇಳ್ತೀರಿ. ಪದಕ್ಕೂ ಅಕ್ಕಪಕ್ಕದವರು ಇರ್ತಾರೆ, ಕೇಳಿ."

ಗಿಳಿ ಬೆರಳಿಟ್ಟಳು. ಬೆಳಿಗ್ಗೆ ಜನ ಕೆರೆಯ ಬಳಿಗೆ ಬಂದರು. ಹಿಮದ ಮೇಲೆ ಹೆಜ್ಜೆಗಳಿದ್ದವು. ಹೆಜ್ಜೆಗಳು ನಡುವಿನ ತನಕ ಹೋಗಿದ್ದವು. ಅಷ್ಟೇ. ಪಾಠ ಅಲ್ಲಿಗೆ ಮುಗಿದಿತ್ತು.

ಅಷ್ಟು ದಿನ ಅವಳ ಬಾಯಿಂದ ಹಾರಿಹೋಗುತ್ತಿದ್ದ ಪದಗಳು ಮೊದಲ ಸಲ ಒಳಗಿಳಿದು, ತಣ್ಣಗೆ, ಹೊಟ್ಟೆಯಲ್ಲಿ ಕೂತವು. ಹೇಳಬೇಕೆಂದು ಬಾಯಿ ತೆರೆದಳು. "ಅವನು... ಹೆಜ್ಜೆ... ಇಲ್ಲ..." ಎಂದು ತಡವರಿಸಿದಳು. ಹಿಂದಿನ ಬೆಂಚಿನಿಂದ ಯಾರೋ ಗಿಳಿಯ ಕೀಚು ದನಿ ತೆಗೆದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳು ಕೂತುಬಿಟ್ಟಳು.

ಒಂದು ಪಾಠಕ್ಕೆ ವಾರ ಹಿಡಿಯುವ ಟೀಚರಮ್ಮನನ್ನು ನಂಬಿದರೆ ಮಗಳು ದಡ ಸೇರುವುದಿಲ್ಲವೆಂದು ಅಪ್ಪ ಅವಳನ್ನು ಟ್ಯೂಷನ್ನಿಗೆ ಹಾಕಿದರು. ಅಲ್ಲಿ ಗೈಡ್ ಮೇಷ್ಟ್ರದು ಬೇರೆಯೇ ವಿದ್ಯೆ. "ಪ್ರಶ್ನೆಯಲ್ಲಿರೋ ಪದಾನ ಮೇಲಿಂದ ಹುಡುಕು. ಸಿಕ್ತಾ? ಆ ಸಾಲು ಇಳಿಸು. ಮುಂದಕ್ಕೆ ನಡಿ. ಪೂರ್ತಿ ಓದ್ತಾ ಕೂತ್ರೆ ಗಂಟೆ ಹೊಡೆಯುತ್ತೆ." ಊರಿನ ಅರ್ಧ ಜನ ಹಾಗೆಯೇ ಪಾಸಾದರು, ಗಿಳಿಯೂ ಪಾಸಾದಳು. ದನಿ ಚೆನ್ನಾಗಿತ್ತು, ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗುವ ಕೆಲಸ ಸಿಕ್ಕಿತು. ಎರಡು ಭಾಷೆಯಲ್ಲೂ ಕೂಗುತ್ತಿದ್ದಳು. ಒಂದರಲ್ಲಿ ಏನು ಕೂಗುತ್ತಿದ್ದೇನೆಂದು ಯೋಚಿಸುತ್ತಲೇ ಇರಲಿಲ್ಲ.

*

"ನೆನಪಿದೆಯಾ?" ಟೀಚರಮ್ಮನ ತಂಗಿ ಹತ್ತಿರ ಬಂದು ಗಿಳಿಯ ಕೈ ಹಿಡಿದರು. "ಅಕ್ಕನಿಗೆ ಮಾತು ಕೊಟ್ಟಿದ್ದೀಯ."

"ನೆನಪಿದೆ ಅಮ್ಮ. ಪುಸ್ತಕ ತಂದಿದ್ದೀನಿ." ಚೀಲದಲ್ಲಿ ಹಳೆಯ ಪಠ್ಯಪುಸ್ತಕ, ಕೆರೆಯ ಪಾಠಕ್ಕೆ ಮಡಚಿದ ಮೂಲೆ. "ಆದ್ರೆ ಎಲ್ಲರ ಮುಂದೆ... ನಗ್ತಾರೇನೋ."

"ಹೆಣದ ಮುಂದೆ ಯಾರು ನಗ್ತಾರೆ ಹುಚ್ಚಿ?"

ಹೋದ ತಿಂಗಳು ಹಾಸಿಗೆಯ ಪಕ್ಕ ಕೂತಾಗ ಟೀಚರಮ್ಮ ಕೇಳಿದ್ದರು. ದನಿ ಆಗಲೇ ಒಣಗಿದ ಎಲೆಯಂತಾಗಿತ್ತು. "ಗಿಳೀ, ನಾನು ಹೋಗೋ ದಿನ ಏನಾದ್ರೂ ಓದ್ತೀಯಾ? ಬರೀ ಓದೋದಲ್ಲ. ನಾಲ್ಕು ಜನಕ್ಕೆ ಅರ್ಥ ಹೇಳ್ಬೇಕು. ಕೊನೆ ಸಾಲಿನ ತನಕ."

"ಆಯ್ತು ಟೀಚರ್" ಎಂದಿದ್ದಳು. ಸಾಯುವವರಿಗೆ ಯಾರು ಇಲ್ಲವೆನ್ನುತ್ತಾರೆ?

*

ಕಾರ್ಖಾನೆಯ ಗೇಟಿನ ಎದುರು ಗಾಡಿ ಮತ್ತೆ ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟು ಎತ್ತಿದ. ಗೇಟಿನಲ್ಲಿ ಮಧ್ಯಾಹ್ನದ ಪಾಳಿಯವರು ಗುಂಪುಗೂಡಿದ್ದರು. ಒಳಗೆ ಅಂಗಳದ ತುಂಬ ಸುಣ್ಣದ ಪುಡಿ ಚೆಲ್ಲಿ, ನೆಲವೆಲ್ಲ ಬೆಳ್ಳಗೆ. ಅದರಾಚೆ ಮೂರನೆಯ ತೊಟ್ಟಿಯ ಬಾಯಿ, ಬಾಯೊಳಗೆ ಇಳಿಬಿಟ್ಟ ಏಣಿ.

"ಮೇಷ್ಟ್ರೇ, ದೇವರು ಬಂದ ಹಾಗೆ ಬಂದ್ರಿ," ಎಂದ ಗೇಟಿನ ಕಾವಲುಗಾರ. "ಹೆಡ್ ಆಫೀಸಿಂದ ಇಂಗ್ಲಿಷಲ್ಲಿ ನೋಟೀಸು ಬಂದಿದೆ. ಓದಿ ಹೇಳೋ ಸೂಪರ್‌ವೈಸರು ರಜಾ. ನಾನು ಅಂಟಿಸಿದ್ದೀನಿ, ಅಷ್ಟೇ ನನ್ನ ವಿದ್ಯೆ."

ಗೈಡ್ ಮೇಷ್ಟ್ರು ಕನ್ನಡಕ ಏರಿಸಿ ಹಲಗೆಯ ಮುಂದೆ ನಿಂತರು. "ಏನು ಬೇಕು ನಿಮಗೆ? ತೊಟ್ಟಿ ವಿಷಯ ತಾನೇ? ತೊಟ್ಟಿ... ಹಾಂ, ಸಿಕ್ತು. ಮೂರನೇ ತೊಟ್ಟಿ ಖಾಲಿ ಮಾಡಿ ತೊಳೆದಾಗಿದೆ. ಮಧ್ಯಾಹ್ನದ ಪಾಳಿಯವರು ಒಳಗಿಳಿದು ಕೆರೆಯೋದು. ಇನ್ನೇನು? ಹೋಗ್ರಪ್ಪ, ಕೆಲಸ ನೋಡಿ."

ಸೈರನ್ ಕೂಗಿತು. ಗಿಳಿಯ ಗಂಡ ಹೆಲ್ಮೆಟ್ಟು ಹಾಕಿಕೊಂಡು, ಅವಳತ್ತ ಕೈಯೆತ್ತಿ, ಚಿಕ್ಕ ಬಾಗಿಲಿನಿಂದ ಒಳಗೆ ನಡೆದ. ಅವನದೇ ಸರದಿ ಮೊದಲು.

ಗಿಳಿ ಹಲಗೆಯನ್ನು ನೋಡಿದಳು. ಮೇಷ್ಟ್ರ ಹೆಗಲ ಕೆಳಗೆ ನೋಟೀಸಿನ ಅರ್ಧ ಭಾಗ ಇನ್ನೂ ಉಳಿದಿತ್ತು.

"ಕೊನೆ ಸಾಲು ಇನ್ನೂ ಇದೆ," ಎಂದಳು.

"ಇರುತ್ತೆ ಬಿಡಮ್ಮ. ಕೆಳಗೆ ಇನ್ನೇನಿರುತ್ತೆ? ಸಹಿ, ಸೀಲು."

ಅವಳು ನುಗ್ಗಿ ಬೆರಳಿಟ್ಟಳು. ಅಂಟು ಇನ್ನೂ ಹಸಿಯಾಗಿತ್ತು. ಬಾಯಿ ತಾನಾಗಿ ಬಸ್ ನಿಲ್ದಾಣದ ದನಿಯಲ್ಲಿ ಇಂಗ್ಲಿಷ್ ಓದತೊಡಗಿತು, ನಿರರ್ಗಳವಾಗಿ, ಇಂಪಾಗಿ. ಜನ ತಲೆದೂಗಿದರು. "ಏನು ದನಿ ಕಣ್ರೀ!" ಎಂದರು ಯಾರೋ. ಇನ್ನಿಬ್ಬರು ಚಿಕ್ಕ ಬಾಗಿಲು ದಾಟಿದರು.

ಅಂಗಳದ ತುಂಬ ಹಸಿರು ಪುಕ್ಕ.

ಅವಳು ನಿಲ್ಲಿಸಿದಳು. ಬೆರಳನ್ನು ಮತ್ತೆ ನಡುವಿನ ಸಾಲಿಗೆ ತಂದಳು.

"ಮೇಲಿರೋದೆಲ್ಲ..." ಅವಳು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡಳು. "ಮೇಲಿರೋದೆಲ್ಲ, ತೊಟ್ಟಿಯೊಳಗಿನ ಗಾಳಿ ಪರೀಕ್ಷೆ ಆದ ಮೇಲಿನ ಮಾತು. ಪರೀಕ್ಷೆ ಆಗಿಲ್ಲ. ಯಂತ್ರ... ಇಲ್ಲೊಂದು ಪದ, ನಂಗೆ ಗೊತ್ತಿಲ್ಲ..." ಅವಳು ಆ ಪದದ ಅಕ್ಕಪಕ್ಕದವರನ್ನು ಕೇಳಿದಳು. ಈಚೆ ಯಂತ್ರ, ಆಚೆ 'ಹೊಸದು ನಾಳೆ'. "ಯಂತ್ರ ಕೆಟ್ಟಿದೆ! ನಾಳೆ ಹೊಸದು ಬರುತ್ತೆ. ಅಲ್ಲಿ ತನಕ ಯಾರೂ ಇಳೀಬಾರದು. ವಾಸನೆ ಇಲ್ಲ ಅಂತ ನಂಬಬೇಡಿ. ವಿಷಗಾಳಿ ಹೆಚ್ಚಾದ್ರೆ ಮೊದಲು ಸಾಯೋದು ಮೂಗು."

ಯಾರೂ ನಗಲಿಲ್ಲ. ಗೈಡ್ ಮೇಷ್ಟ್ರು ಅವಳ ಬೆರಳನ್ನೇ ಹಿಂಬಾಲಿಸಿ ತುಟಿ ಅಲ್ಲಾಡಿಸುತ್ತಿದ್ದರು. ಅವರ ಮುಖ ಸುಣ್ಣದ ಹಾಗಾಯಿತು.

"ಹೌದು," ಎಂದರು. "ಹೌದು, ಹಾಗೇ ಇದೆ."

ಗಿಳಿ ತಿರುಗಿ ಗೇಟಿನ ಸರಳು ಹಿಡಿದಳು. "ರೀ! ಇಳೀಬೇಡ್ರೀ! ಯಾರೂ ಇಳೀಬೇಡಿ!" ಮೈಕು ಬೇಕಾಗಲಿಲ್ಲ. ಆ ದನಿಗೆ ಬಸ್ಸುಗಳೇ ನಿಲ್ಲುತ್ತಿದ್ದವು. ಏಣಿಯ ಮೊದಲ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದವನು ಹಾಗೇ ನಿಂತ. ಕಾವಲುಗಾರ ಒಳಗೆ ಓಡಿದ.

"ಮುಗೀತಾ?" ಟೀಚರಮ್ಮನ ತಂಗಿ ಪಿಸುಗುಟ್ಟಿದರು.

"ಇಲ್ಲಮ್ಮ. ಇನ್ನೊಂದು ಸಾಲಿದೆ."

ಗಾಡಿಯ ಹಿಂಬಾಗಿಲು ಅವಳಿಂದ ಎರಡು ಮಾರು ದೂರದಲ್ಲಿತ್ತು. ಅದಕ್ಕೂ ಕೇಳುವ ಹಾಗೆ ಅವಳು ಕೊನೆಯ ಸಾಲನ್ನು ಮೊದಲು ಇಂಗ್ಲಿಷಿನಲ್ಲಿ ಓದಿದಳು. ಆಮೇಲೆ ನಿಧಾನವಾಗಿ, ಪ್ರತಿ ಪದದ ಮೇಲೂ ಕೂತು, ಹೇಳಿದಳು.

"ಒಬ್ಬ ಬಿದ್ದರೆ, ಅವನನ್ನು ಎತ್ತೋಕೆ ಇನ್ನೊಬ್ಬ ಇಳೀಬಾರದು."

ಅದರ ಕೆಳಗೆ ಸಹಿಯಿತ್ತು, ಸೀಲಿತ್ತು. ಅವಳು ಬೆರಳು ತೆಗೆದಳು.

ಗೇಟಿನೊಳಗೆ, ಬೆಳ್ಳನೆಯ ಸುಣ್ಣದ ಮೇಲೆ, ಬೂಟಿನ ಹೆಜ್ಜೆಗಳು ತೊಟ್ಟಿಯ ಬಾಯಿಯ ತನಕ ಹೋಗಿದ್ದವು. ಅವುಗಳ ಪಕ್ಕದಲ್ಲೇ, ಒಂದೊಂದಾಗಿ, ಅದೇ ಬೂಟಿನ ಹೆಜ್ಜೆಗಳು ಈಚೆಗೆ ಮೂಡುತ್ತಾ ಬರುತ್ತಿದ್ದವು.